ತಹೀತಿಯ ನುಡಿ ಮತ್ತು ಕುಣಿತ: ವಸಾಹತು ಆಳ್ವಿಕೆಯ ನಡುವೆ ಉಳಿದುಬಂದ ಬಗೆ

ವಸಾಹತುಶಾಹಿಯನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಬ್ರಿಟಿಷರ ಆಳ್ವಿಕೆಯ ಅನುಭವದಿಂದ ರೂಪುಗೊಂಡಿವೆ. ಆಳುವವರು ಒಂದು ದಿನ ಹೊರಟುಹೋದರು ಎಂಬ ನೆನಪು ಆ ಚರ್ಚೆಗಳ ಹಿನ್ನೆಲೆಯಲ್ಲಿದೆ. ಆಳುವವರು ಹೊರಟೇ ಹೋಗದ ನೆಲಗಳೂ ಇವೆ. ದಕ್ಷಿಣ ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾ ಅಂಥವುಗಳಲ್ಲೊಂದು. ಪಶ್ಚಿಮ ಯುರೋಪಿನಷ್ಟು ವಿಸ್ತಾರವಾದ ಕಡಲಿನಲ್ಲಿ ಚದುರಿದ ನೂರಕ್ಕೂ ಮಿಕ್ಕ ದ್ವೀಪಗಳ ಈ ಪ್ರದೇಶದ ಜನಸಂಖ್ಯೆ ಮೂರು ಲಕ್ಷವನ್ನೂ ಮುಟ್ಟುವುದಿಲ್ಲ. ಇಲ್ಲಿನ ಮುಖ್ಯ ದ್ವೀಪವಾದ ತಹೀತಿಯಲ್ಲಿ ನುಡಿ ಮತ್ತು ಕುಣಿತಗಳು ಎರಡು ಶತಮಾನಗಳ ಕಾಲ ಹೇಗೆ ಬಾಳಿ ಬಂದವು ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

1767ರಲ್ಲಿ ವಾಲಿಸ್, 1768ರಲ್ಲಿ ಬೂಗನ್‌ವಿಲ್, 1769ರಲ್ಲಿ ಕುಕ್ ಈ ದ್ವೀಪಕ್ಕೆ ಬಂದರು. ಇವರ ಬರಹಗಳು ಯುರೋಪಿಗೆ ಒಂದು ಸುಖಲೋಕದ ಕಲ್ಪನೆಯನ್ನು ಒದಗಿಸಿದವು. ಆದರೆ ಕುಕ್‌ನ ಹಡಗಿನಲ್ಲಿ ಪ್ರಯಾಣ ಮಾಡಿದ ರಾಯಾತೆಯಾ ದ್ವೀಪದ ಪುರೋಹಿತ ತುಪಾಯಾ ಅನೇಕ ದ್ವೀಪಗಳ ನಕ್ಷೆಯನ್ನು ನೆನಪಿನಿಂದಲೇ ಒದಗಿಸಿದನೆಂಬುದು ಆ ಸುಖಲೋಕದ ಚಿತ್ರದಲ್ಲಿ ಮಸುಕಾಯಿತು. ಬರಹವಿಲ್ಲದ ಜ್ಞಾನವನ್ನು ಜ್ಞಾನವೆಂದು ಎಣಿಸದಿರುವ ರೂಢಿ ಅಂದಿನದು ಮಾತ್ರವಲ್ಲ.

1797ರಲ್ಲಿ ಲಂಡನ್ ಮಿಷನ್ನಿನ ಪಾದ್ರಿಗಳು ಬಂದಿಳಿದರು. 1817ರಲ್ಲಿ ಮೊರೆಯಾ ದ್ವೀಪದಲ್ಲಿ ಮುದ್ರಣಯಂತ್ರ ಸ್ಥಾಪನೆಯಾದಾಗ ಮೊದಲ ಪುಟವನ್ನು ಅಚ್ಚುಹಾಕಿದವನು ಎರಡನೆಯ ಪೊಮಾರೆ ದೊರೆಯೇ. 1819ರ ಅವನ ಕಾನೂನು ಸಂಹಿತೆ ಹಾಗೂ ಅದರ ಬೆನ್ನಿಗೆ ಬಂದ ಕಟ್ಟಳೆಗಳು ಹಳೆಯ ಕುಣಿತ, ಹಚ್ಚೆ, ದೇವತಾರಾಧನೆಗಳನ್ನು ನಿಷೇಧಿಸಿದವು. ಅದೇ ಮಿಷನ್ನಿನ ಹೆನ್ರಿ ನಾಟ್ ಸಿದ್ಧಪಡಿಸಿದ ಪೂರ್ಣ ಬೈಬಲ್ 1838ರಲ್ಲಿ ತಹೀತಿ ನುಡಿಯಲ್ಲಿ ಪ್ರಕಟವಾಯಿತು. ಹೀಗೆ ನುಡಿಯ ಒಳಗಿದ್ದ ಲೋಕವನ್ನು ಅಳಿಸಲು ಹೊರಟ ಸಂಸ್ಥೆಯೇ ಆ ನುಡಿಗೆ ಬರಹದ ರೂಪವನ್ನು ಕೊಟ್ಟಿತು. ಇದನ್ನು ಕೇವಲ ಲಾಭ ಅಥವಾ ಕೇವಲ ನಷ್ಟ ಎಂದು ಬಗೆಯುವುದು ಸರಳೀಕರಣವಾದೀತು.

ಈ ವೈರುಧ್ಯದ ಅತ್ಯಂತ ಗಹನವಾದ ನಿದರ್ಶನ ಓರ್ಸ್ಮಂಡ್ ಎಂಬ ಪಾದ್ರಿಯದು. ತಾನು ಯಾವುದನ್ನು ಪಾಷಂಡವೆಂದು ನಂಬಿದ್ದನೋ ಅದೇ ಪುರಾಣ, ವಂಶಾವಳಿ, ಮಂತ್ರ, ನಕ್ಷತ್ರಜ್ಞಾನಗಳನ್ನು ಹಿರಿಯರ ಬಾಯಿಂದ ಕೇಳಿ ಆತ ದಶಕಗಳ ಕಾಲ ಬರೆದುಕೊಂಡ. 1848ರಲ್ಲಿ ಪ್ರಕಟಣೆಗೆಂದು ಫ್ರೆಂಚ್ ಅಧಿಕಾರಿಗಳಿಗೆ ಒಪ್ಪಿಸಿದ ಹಸ್ತಪ್ರತಿ ಕಳೆದುಹೋಯಿತು. ಅವನ ಮೊಮ್ಮಗಳು ತೆಉಯಿರಾ ಹೆನ್ರಿ ಉಳಿದ ಟಿಪ್ಪಣಿಗಳ ನೆರವಿನಿಂದ ಅದನ್ನು ಮತ್ತೆ ಕಟ್ಟಿದಳು. ಆಕೆ 1915ರಲ್ಲಿ ತೀರಿಕೊಂಡಳು. ಪುಸ್ತಕ ಹೊರಬಂದದ್ದು 1928ರಲ್ಲಿ, ಹೊನೊಲುಲುವಿನಲ್ಲಿ, ಇಂಗ್ಲಿಷಿನಲ್ಲಿ. ಇಂದು ತಮ್ಮ ಪ್ರಾಚೀನ ಪರಂಪರೆಯನ್ನು ಅರಸುವ ತಹೀತಿಯ ಬರಹಗಾರರೂ ನೃತ್ಯ ಸಂಯೋಜಕರೂ ಈ ಗ್ರಂಥವನ್ನು ಬಳಸದೆ ಮುಂದೆ ಸಾಗುವುದು ವಿರಳ. ಹಚ್ಚೆಯ ಕತೆಯೂ ಬೇರೆಯಲ್ಲ. ಮಾರ್ಕೇಸಸ್ ದ್ವೀಪಗಳಲ್ಲಿ ಜರ್ಮನ್ ವಿದ್ವಾಂಸ ಫಾನ್ ಡೆನ್ ಸ್ಟೈನೆನ್ 1897-98ರಲ್ಲಿ ದಾಖಲಿಸಿಕೊಂಡ ವಿನ್ಯಾಸಗಳು 1980ರ ದಶಕದ ನಂತರ ಜೀವಂತ ಮೈಗಳ ಮೇಲೆ ಮರಳಿ ಮೂಡಿದವು.

ರಾಜಕೀಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. 1842ರಲ್ಲಿ ಫ್ರಾನ್ಸ್ ರಕ್ಷಿತ ರಾಜ್ಯವೆಂದು ಘೋಷಿಸಿತು. 1844ರಿಂದ 1846ರವರೆಗೆ ತಹೀತಿಯರು ಯುದ್ಧ ಮಾಡಿ ಸೋತರು. 1880ರಲ್ಲಿ ಐದನೆಯ ಪೊಮಾರೆ ರಾಜ್ಯವನ್ನು ಒಪ್ಪಿಸಿದ. ಮರುವರ್ಷದಿಂದ ಜುಲೈ 14ರ ಫ್ರೆಂಚ್ ರಾಷ್ಟ್ರೀಯ ಹಬ್ಬ ಆರಂಭವಾಯಿತು. ಸಾಮ್ರಾಜ್ಯದ ವೈಭವವನ್ನು ಮೆರೆಸಲು ಏರ್ಪಟ್ಟ ಆ ಹಬ್ಬದಲ್ಲಿಯೇ ಸ್ಥಳೀಯ ಹಾಡು ಕುಣಿತಗಳಿಗೆ ಒಂದು ಎಡೆ ದೊರೆಯಿತೆಂಬುದು ಗಮನಾರ್ಹ. ಜನ ಅದನ್ನು ‘ತಿಉರಾಯಿ’ ಎಂದು ಕರೆದರು. ಇಂಗ್ಲಿಷಿನ ಜುಲೈ ಎಂಬ ಪದದ ತಹೀತಿ ರೂಪವಿದು. ಇಗರ್ಜಿಯ ಸ್ತೋತ್ರವೂ ‘ಹಿಮೆನೆ’ ಎಂಬ ಹೆಸರಿನಲ್ಲಿ ಹಲವು ದನಿಗಳು ಹೆಣೆದುಕೊಳ್ಳುವ ದೇಸಿ ಗಾಯನವಾಗಿ ಮಾರ್ಪಟ್ಟಿತು. 1956ರಲ್ಲಿ ಮಡೆಲೀನ್ ಮೌಆ ಎಂಬ ಶಿಕ್ಷಕಿ ನೃತ್ಯತಂಡವೊಂದನ್ನು ಕಟ್ಟಿ, ಅಲ್ಲಿಯವರೆಗೆ ಅಗೌರವದ ಸಂಗತಿಯಾಗಿದ್ದ ಕುಣಿತವನ್ನು ವೇದಿಕೆಗೆ ತಂದಳು. 1985ರಲ್ಲಿ ಹಬ್ಬದ ಹೆಸರೇ ‘ಹೇವಾ’ ಎಂದಾಯಿತು. ಪ್ರವಾಸಿಗನ ಕಣ್ಣಿಗೆ ಇದು ಸೊಂಟದ ಚಲನೆ ಮತ್ತು ಹೂವಿನ ಹಾರ. ಆದರೆ ಹೇವಾ ಸ್ಪರ್ಧೆಯಲ್ಲಿ ಪ್ರತಿ ತಂಡವೂ ಒಂದು ಕಥಾವಸ್ತುವನ್ನು ಆಧರಿಸಿ ದೇಶೀಯ ನುಡಿಯಲ್ಲಿ ಪಠ್ಯವನ್ನು ರಚಿಸಿಕೊಳ್ಳಬೇಕು. ಪಠ್ಯದ ಕರ್ತೃವಿಗೂ ಬಹುಮಾನವುಂಟು. ಆ ನುಡಿಯ ಸಾಹಿತ್ಯ ಪುಸ್ತಕಕ್ಕಿಂತ ಹೆಚ್ಚಾಗಿ ಬಯಲಿನಲ್ಲಿ ಬೆಳೆಯುತ್ತಿದೆ ಎಂದರೆ ಅತಿಶಯೋಕ್ತಿಯಲ್ಲ.

ಇಪ್ಪತ್ತನೆಯ ಶತಮಾನದ ದೊಡ್ಡ ಗಾಯ ಅಣುಪರೀಕ್ಷೆಗಳದು. 1966ರಿಂದ 1996ರವರೆಗೆ ಮೊರುರೋವಾ ಮತ್ತು ಫಂಗತೌಫಾ ಹವಳದ್ವೀಪಗಳಲ್ಲಿ ಫ್ರಾನ್ಸ್ 193 ಸ್ಫೋಟಗಳನ್ನು ನಡೆಸಿತು. 1974ರವರೆಗೆ ಅವು ಬಯಲಿನಲ್ಲೇ ನಡೆದವು. ಇದಕ್ಕೆ ಮುನ್ನವೇ, 1958ರಲ್ಲಿ, ಸ್ವಾತಂತ್ರ್ಯದ ಪರ ನಿಂತಿದ್ದ ಜನನಾಯಕ ಪೌವಾನಾ ಆ ಓಪಾ ಬಂಧಿತನಾಗಿ ಬಳಿಕ ಗಡೀಪಾರಾಗಿದ್ದ. ಅವನ ಮೇಲಿನ ತೀರ್ಪನ್ನು ಫ್ರೆಂಚ್ ನ್ಯಾಯಾಲಯ ರದ್ದುಪಡಿಸಿದ್ದು 2018ರಲ್ಲಿ, ಆತ ತೀರಿಕೊಂಡು ನಾಲ್ಕು ದಶಕಗಳಾದ ಮೇಲೆ. ಸೈನ್ಯದೊಂದಿಗೆ ಬಂದ ಹಣ ಮತ್ತು ನೌಕರಿಗಳು ದೂರದ ದ್ವೀಪಗಳ ಜನರನ್ನು ರಾಜಧಾನಿ ಪಪೇಟೆಯತ್ತ ಸೆಳೆದವು. ಮೀನು, ಗೆಣಸುಗಳ ಬದುಕು ಸಂಬಳದ ಬದುಕಾಯಿತು. ಮನೆಮಾತು ಬದಲಾಗುವುದಕ್ಕೆ ನಿಷೇಧಕ್ಕಿಂತ ಈ ಸಂಬಳವೇ ಹೆಚ್ಚು ಕಾರಣವಾಯಿತೆಂದು ನನಗನಿಸುತ್ತದೆ.

ಇದಕ್ಕೆ ಪ್ರತಿಯಾಗಿ 1970ರ ದಶಕದಲ್ಲಿ ಎಚ್ಚರವೊಂದು ಮೂಡಿತು. ತಹೀತಿ ಅಕಾಡೆಮಿ ಸ್ಥಾಪನೆಯಾಯಿತು. ಫ್ರಾನ್ಸಿನಲ್ಲಿ ದೇವಶಾಸ್ತ್ರ ಓದಿ ಬಂದ ಕವಿ ಆನ್ರಿ ಹಿರೊ (1944-1990) ತಹೀತಿಯಲ್ಲಿ ಬರೆದ, ನಾಟಕವಾಡಿಸಿದ, ಅಣುಪರೀಕ್ಷೆಯನ್ನು ವಿರೋಧಿಸಿದ. ಯಾವ ನುಡಿಯಲ್ಲಾದರೂ ಸರಿ, ದ್ವೀಪದವರೇ ಬರೆಯಬೇಕೆಂಬುದು ಅವನ ಕರೆ. ದೇವಶಾಸ್ತ್ರಜ್ಞ ತುರೋ ರಾಪೋಟೊ ರೂಪಿಸಿದ ಕಾಗುಣಿತಕ್ಕೂ ಅಕಾಡೆಮಿಯ ಕಾಗುಣಿತಕ್ಕೂ ಹೊಂದಿಕೆಯಾಗದೆ ದೀರ್ಘ ವಿವಾದ ನಡೆಯಿತು. ಕೆಲವೇ ಜನ ಓದುವ ನುಡಿಗೆ ಎರಡು ಕಾಗುಣಿತಗಳು! ಆದರೂ ಇಂಥ ಜಗಳ ನಡೆಯಬೇಕಾದರೆ ನುಡಿ ಬದುಕಿರಬೇಕಷ್ಟೆ. 1991ರಲ್ಲಿ ಶಾಂತಾಲ್ ಸ್ಪಿಟ್ಜ್ ಬರೆದ ಕಾದಂಬರಿ ವಸಾಹತು ಮತ್ತು ಅಣುಶಕ್ತಿಯ ಅನುಭವವನ್ನು ಫ್ರೆಂಚಿನಲ್ಲೇ, ತಹೀತಿ ನುಡಿಯನ್ನು ಬೆರೆಸಿ ನಿರೂಪಿಸಿತು.

ಕಾನೂನಿನ ಸ್ಥಿತಿ ಬೇರೆ. 1980ರಲ್ಲಿ ತಹೀತಿಗೆ ಫ್ರೆಂಚಿನ ಜೊತೆಗೆ ಅಧಿಕೃತ ಸ್ಥಾನ ದೊರೆತಿತ್ತು. 2004ರ ಶಾಸನದಲ್ಲಿ ಫ್ರೆಂಚ್ ಮಾತ್ರ ಅಧಿಕೃತ ಭಾಷೆ. ತಹೀತಿ ‘ಸಾಂಸ್ಕೃತಿಕ ಅನನ್ಯತೆಯ ಮೂಲಾಂಶ’. ಪ್ರಾದೇಶಿಕ ಶಾಸನಸಭೆಯಲ್ಲಿ ತಹೀತಿಯಲ್ಲಿ ಮಾತನಾಡಲು ಅವಕಾಶ ಕೊಟ್ಟಿದ್ದ ನಿಯಮವನ್ನು 2006ರಲ್ಲಿ ಫ್ರಾನ್ಸಿನ ಉನ್ನತ ಆಡಳಿತ ನ್ಯಾಯಾಲಯ ರದ್ದುಮಾಡಿತು; ಸದಸ್ಯೆಯೊಬ್ಬರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರೂ 2010ರಲ್ಲಿ ಅರ್ಜಿ ಸ್ವೀಕೃತವಾಗಲಿಲ್ಲ. 2017ರ ಜನಗಣತಿಯಲ್ಲಿ ಹದಿನೈದು ದಾಟಿದವರಲ್ಲಿ ಸುಮಾರು ಶೇ. 74ರಷ್ಟು ಮಂದಿ ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ ಫ್ರೆಂಚ್ ಎಂದರು. ತಹೀತಿ ಎಂದವರು ಶೇ. 20ರಷ್ಟು. 2013ರಲ್ಲಿ ವಿಶ್ವಸಂಸ್ಥೆ ಈ ಪ್ರದೇಶವನ್ನು ಸ್ವಾಯತ್ತವಲ್ಲದ ಪ್ರದೇಶಗಳ ಪಟ್ಟಿಗೆ ಮರಳಿ ಸೇರಿಸಿತು. 2023ರಲ್ಲಿ ಸ್ವಾತಂತ್ರ್ಯವಾದಿ ಪಕ್ಷದ ಮೊಯೆಟಾಯಿ ಬ್ರೊದರ್‌ಸನ್ ಅಧ್ಯಕ್ಷರಾದರು. ಶಾಲೆಯ ಮಕ್ಕಳು ‘ಓರೆರೊ’ ಎಂಬ ಪ್ರಾಚೀನ ವಾಗ್ಮಿತೆಯನ್ನು ಕಂಠಪಾಠ ಮಾಡಿ ಸ್ಪರ್ಧಿಸುತ್ತಾರೆ. ಅವರಲ್ಲಿ ಅನೇಕರು ವೇದಿಕೆಯಿಂದ ಇಳಿದು ತಾಯ್ತಂದೆಯರ ಬಳಿ ಆಡುವ ಮಾತು ಫ್ರೆಂಚ್.