ಒಲೆ ಕಟ್ಟಿದರೆ ಸಾಲದು, ಕೊಳವೆಯನ್ನೂ ಕಾಯಬೇಕು

ನಮ್ಮ ತೋಟದ ಮನೆಗಳಿಗೆ ಅಡುಗೆ ಅನಿಲ ಬಂದು ಬಹಳ ವರ್ಷಗಳಾದವು. ಆದರೂ ಸೌದೆ ಒಲೆ ಮನೆ ಬಿಟ್ಟು ಹೋಗಿಲ್ಲ. ಸ್ನಾನದ ನೀರಿಗೆ, ದನಗಳ ಕಲಗಚ್ಚಿಗೆ, ಕೊಯ್ಲಿನ ದಿನಗಳಲ್ಲಿ ಹತ್ತಾರು ಜನರ ಅಡುಗೆಗೆ, ಅಡಿಕೆ ಬೇಯಿಸುವುದಕ್ಕೆ ಇಂದಿಗೂ ಸೌದೆಯೇ ಆಧಾರ. ಮರಗಸಿಯಲ್ಲಿ ಬಿದ್ದ ಕೊಂಬೆ, ಕಿತ್ತ ಹಳೆಯ ಕಾಫಿ ಗಿಡದ ಬುಡ, ಒಣಗಿದ ಸೋಗೆ, ತೆಂಗಿನ ಗರಟೆ ಎಲ್ಲವೂ ತೋಟದಲ್ಲೇ ಸಿಗುವಾಗ ಸಿಲಿಂಡರಿಗೆ ದುಡ್ಡು ಕೊಟ್ಟು ಹಂಡೆ ನೀರು ಕಾಯಿಸುವವರು ಕಡಿಮೆ.

ಆದ್ದರಿಂದ ಒಲೆಯ ವಿಷಯ ಹಳೆಯದಾಯಿತೆಂದು ನಾವು ಭಾವಿಸುವುದಿಲ್ಲ. ಹೊಗೆ ಕೊಳವೆ ಇರುವ ಸುಧಾರಿತ ಒಲೆಯನ್ನು ಕಟ್ಟಿಸಿಕೊಂಡ ಮನೆಗಳಲ್ಲೇ ಕೆಲವು ವರ್ಷಗಳ ಬಳಿಕ ಮತ್ತೆ ಹೊಗೆ ತುಂಬುತ್ತದೆ. "ಈ ಒಲೆ ನಮಗೆ ಆಗಿಬರಲಿಲ್ಲ" ಎಂದು ಅದನ್ನು ಒಡೆದು, ಮೂರು ಕಲ್ಲು ಹೂಡಿದವರೂ ಇದ್ದಾರೆ. ಅಂಥ ಒಲೆಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ, ಕಟ್ಟಿಕೊಂಡಿರುತ್ತವೆ. ಒಂದು ದಿನದ ಕೆಲಸದಲ್ಲಿ ಸರಿಹೋಗುವ ದೋಷಕ್ಕೆ ಒಲೆಯನ್ನೇ ಕಳೆದುಕೊಳ್ಳುತ್ತೇವೆ.

ಅಸ್ತ್ರ ಒಲೆಯ ಪಾಠ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ "ಅಸ್ತ್ರ" ಎಂಬ ಘಟಕ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಯ ಬದುಕಿಗೆ ಒದಗಿಸುವುದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮ ಅದರ ಕ್ಷೇತ್ರ ಕೇಂದ್ರವಾಗಿತ್ತು. 1980ರ ದಶಕದ ಆರಂಭದಲ್ಲಿ ರೂಪುಗೊಂಡ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಹಳ್ಳಿಗೂ ಹೆಸರಾಯಿತು. ಮುಚ್ಚಿದ ಉರಿಗೂಡು, ಗಾಳಿ ಕೆಳಗಿನಿಂದ ಬರಲು ಜಾಲರಿ, ಸಾಲಾಗಿ ಪಾತ್ರೆಗಳಿಗೆ ಕುಳಿ, ಕೊನೆಗೆ ಸೂರಿನ ಮೇಲಕ್ಕೆ ಹೋಗುವ ಕೊಳವೆ: ಇಷ್ಟೇ ಅದರ ಗುಟ್ಟು. ಬಚ್ಚಲ ಹಂಡೆಗೂ ಇದೇ ತತ್ತ್ವದ ಒಲೆಗಳು ಬಂದವು.

ಕೇಂದ್ರ ಸರ್ಕಾರವೂ 1983-84ನೇ ಸಾಲಿನಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಹೂಡಿ, 2002ರವರೆಗೆ ನಡೆಸಿತು. ಒಲೆ ಕಟ್ಟಿಕೊಡುವುದರಲ್ಲಿ ಇದ್ದ ಉತ್ಸಾಹ ಕಟ್ಟಿದ ಒಲೆಯನ್ನು ನೋಡಿಕೊಳ್ಳುವುದರಲ್ಲಿ ಇರಲಿಲ್ಲ. ಇದರ ಪರಿಣಾಮ ಏನೆಂಬುದಕ್ಕೆ ಒಡಿಶಾದ ಹಳ್ಳಿಗಳ ಅನುಭವ ಸಾಕ್ಷಿ. ಅಲ್ಲಿ ಕೊಳವೆ ಒಲೆ ಪಡೆದ ಮನೆಗಳನ್ನು ನಾಲ್ಕು ವರ್ಷಗಳವರೆಗೆ ಗಮನಿಸಿದ ಅಧ್ಯಯನವೊಂದು 2012ರಲ್ಲಿ ಹೊರಬಂತು. ಮೊದಲ ವರ್ಷ ಒಳಗೆ ಸೇದುವ ಹೊಗೆ ಕಡಿಮೆಯಾಗಿತ್ತು. ಮುಂದಿನ ವರ್ಷಗಳಲ್ಲಿ ಆ ಲಾಭ ಕರಗಿಹೋಯಿತು. ಜನ ಒಲೆಯನ್ನು ಕ್ರಮವಾಗಿ ಬಳಸಲಿಲ್ಲ, ದುರಸ್ತಿಗೆ ಖರ್ಚು ಮಾಡಲಿಲ್ಲ ಎಂಬುದೇ ಕಾರಣ. ನಮ್ಮ ಮನೆಗಳ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ.

ಒಲೆ ಹೊಗೆಯಾಡುವುದು ಏಕೆ?

ಕೊಳವೆಯೊಳಗಿನ ಬಿಸಿ ಗಾಳಿ ಹಗುರವಾಗಿ ಮೇಲೇರುವಾಗ ಹಿಂದಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಈ ಸೆಳೆತವೇ ಒಲೆಯ ಉಸಿರು. ದಾರಿ ಕಿರಿದಾದರೆ ಉಸಿರು ಕಟ್ಟುತ್ತದೆ, ಹೊಗೆ ಬಾಯಿಯಿಂದಲೇ ಹೊರಬರುತ್ತದೆ.

ಒಂದು ಲೆಕ್ಕ ನೋಡೋಣ. ನಾಲ್ಕು ಅಂಗುಲ ಅಗಲದ ಕೊಳವೆಯಲ್ಲಿ ಸುತ್ತಲೂ ಅರ್ಧ ಅಂಗುಲ ಮಸಿ ಕಟ್ಟಿದೆ ಎಂದುಕೊಳ್ಳಿ. ಉಳಿದ ದಾರಿ ಮೂರು ಅಂಗುಲ. ಕಾಲುಭಾಗ ಹೋಯಿತು ಎಂದು ಕಣ್ಣಿಗೆ ತೋರುತ್ತದೆ. ಆದರೆ ವಿಸ್ತೀರ್ಣದಲ್ಲಿ ಹದಿನಾರು ಪಾಲಿನಲ್ಲಿ ಒಂಬತ್ತು ಪಾಲು ಮಾತ್ರ ಉಳಿದಿರುತ್ತದೆ. ಹತ್ತಿರಹತ್ತಿರ ಅರ್ಧ ದಾರಿ ಮುಚ್ಚಿದಂತೆ.

ಕೊಳವೆಯಲ್ಲಿ ಕಟ್ಟುವುದು ಎರಡು ಬಗೆ. ಒಂದು ಪುಡಿಯಾಗಿ ಉದುರುವ ಮಸಿ. ಇನ್ನೊಂದು ಹಸಿ ಸೌದೆಯ ಹೊಗೆ ತಣ್ಣಗಾಗಿ ಗೋಡೆಗೆ ಅಂಟುವ ಡಾಂಬರಿನಂಥ ಜಿಗುಟು. ಎರಡನೆಯದು ಅಪಾಯಕಾರಿ. ಒಂದು ದಿನ ಉರಿ ಜೋರಾದಾಗ ಇದಕ್ಕೆ ಕಿಡಿ ತಗುಲಿದರೆ ಕೊಳವೆಯೇ ಹೊತ್ತಿಕೊಳ್ಳುತ್ತದೆ. ಒಳಗಿನ ಬಿಸಿ ಸಾವಿರ ಡಿಗ್ರಿ ಮೀರಬಹುದು. ಕೊಳವೆ ಹಾದುಹೋಗುವ ಅಟ್ಟದಲ್ಲಿ ನಾವು ಏನೇನು ಇಟ್ಟಿರುತ್ತೇವೆ? ಅಡಿಕೆ ಚೀಲ, ಹಾಳೆ, ಬುಟ್ಟಿ, ಚಾಪೆ. ವರ್ಷದ ದುಡಿಮೆ ಅಲ್ಲೇ ಇರುತ್ತದೆ.

ಇದಲ್ಲದೆ ಕಣ್ಣಿಗೆ ಕಾಣದ ಅಪಾಯವೂ ಉಂಟು. ಉಸಿರುಕಟ್ಟಿದ ಒಲೆಯಲ್ಲಿ ಸೌದೆ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿದ ಬಚ್ಚಲಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಕೂಡಲೇ ಹೊರಗೆ ಬಯಲಿಗೆ ಬರಬೇಕು. ಬಚ್ಚಲ ಮೇಲಿನ ಗವಾಕ್ಷಿಗೆ ಗೋಣಿ ತುರುಕುವ ಅಭ್ಯಾಸ ಬಿಡಬೇಕು. ವರ್ಷಗಟ್ಟಲೆ ಹೊಗೆ ಕುಡಿದವರಿಗೆ ಶ್ವಾಸಕೋಶದ ಕಾಯಿಲೆ, ಕಣ್ಣಿನ ಪೊರೆ, ಎಳೆಯ ಮಕ್ಕಳಿಗೆ ನ್ಯುಮೋನಿಯಾ ಹೆಚ್ಚೆಂಬುದು ವೈದ್ಯರೆಲ್ಲ ಒಪ್ಪಿದ ಮಾತು.

ದಿನಕ್ಕೊಮ್ಮೆ, ವಾರಕ್ಕೊಮ್ಮೆ

1. ಪ್ರತಿದಿನ ಬೆಂಕಿ ಹಾಕುವ ಮೊದಲು ಜಾಲರಿಯ ಕೆಳಗಿನ ಬೂದಿ ತೆಗೆಯಿರಿ. ಬೂದಿ ಜಾಲರಿಗೆ ತಾಗುವಷ್ಟು ತುಂಬಿದರೆ ಗಾಳಿ ಬರುವುದಿಲ್ಲ. ಕೆಳಗಿನಿಂದ ತಂಪು ಗಾಳಿ ಆಡದ ಜಾಲರಿ ಬೇಗ ಬಾಗಿ ಸುಟ್ಟುಹೋಗುತ್ತದೆ.

2. ವಾರಕ್ಕೊಮ್ಮೆ ಪಾತ್ರೆ ಎತ್ತಿ, ಕುಳಿಯಿಂದ ಕುಳಿಗೆ ಹೋಗುವ ದಾರಿಯನ್ನು ಕೈಪೊರಕೆಯಿಂದ ಗುಡಿಸಿರಿ. ಬೂದಿ ಹಾರಿ ಬಂದು ಕೂರುವುದು ಇಲ್ಲಿಯೇ. ಹಂಡೆ ಮತ್ತು ಪಾತ್ರೆಗಳ ತಳದ ಮಸಿಯನ್ನೂ ಕೆರೆಯಿರಿ. ಮಸಿಯ ಪದರ ಕಂಬಳಿಯಂತೆ ಬಿಸಿಯನ್ನು ತಡೆಯುತ್ತದೆ.

3. ಹಂಡೆಯ ಸುತ್ತ, ಕೊಳವೆಯ ಬುಡದಲ್ಲಿ ಬಿರುಕು ಬಿಟ್ಟಿದ್ದರೆ ಹುತ್ತದ ಮಣ್ಣು, ಮರಳು, ಸಗಣಿ, ಸ್ವಲ್ಪ ಭತ್ತದ ಹೊಟ್ಟು ಕಲಸಿ ಮೆತ್ತಿರಿ. ಬಿರುಕಿನಿಂದ ತಂಪು ಗಾಳಿ ನುಗ್ಗಿದರೆ ಸೆಳೆತ ಕುಂದುತ್ತದೆ. ಕಾದ ಒಲೆಗೆ ನೀರು ಎರಚಬೇಡಿ. ಬಿರುಕು ಹುಟ್ಟುವುದೇ ಹಾಗೆ.

4. ಉರಿಯುವ ಊದುಬತ್ತಿಯನ್ನು ಒಲೆಯ ಬಾಯಿಯ ಬಳಿ ಹಿಡಿಯಿರಿ. ಒಲೆ ಸ್ವಲ್ಪ ಕಾದಿರುವಾಗ ಅದರ ಹೊಗೆ ಒಳಕ್ಕೆ ಎಳೆದುಕೊಂಡರೆ ಕೊಳವೆ ಸರಿಯಿದೆ. ಹೊರಕ್ಕೆ ಚಾಚಿದರೆ ಕೊಳವೆ ನೋಡುವ ದಿನ ಬಂತು.

ಕೊಳವೆಯ ಕೆಲಸ

ಸೌದೆ ಒಲೆ ದಿನವೂ ಉರಿಯುವ ಮನೆಯಲ್ಲಿ ವರ್ಷಕ್ಕೆ ಕನಿಷ್ಠ ಎರಡು ಬಾರಿ ಕೊಳವೆ ತೆಗೆಸಬೇಕು. ಮಸಿ 3 ಮಿ.ಮೀ., ಅಂದರೆ ಎರಡು ನಾಣ್ಯ ಜೋಡಿಸಿಟ್ಟಷ್ಟು ದಪ್ಪವಾದರೆ ಅವಧಿಗೆ ಕಾಯದೆ ತೆಗೆಯಬೇಕು.

ಹಿಂದಿನ ದಿನವೇ ಬೆಂಕಿ ಆರಿಸಿ ಒಲೆ ತಣಿಯಲು ಬಿಡಿ. ಒಲೆಯ ಬಾಯಿಗೂ ಕುಳಿಗಳಿಗೂ ಒದ್ದೆ ಗೋಣಿ ಮುಚ್ಚಿ. ಮೇಲಿನ ಟೋಪಿ ಕಳಚಿ, ಹಗ್ಗದ ತುದಿಗೆ ತೆಂಗಿನ ನಾರಿನ ಉಂಡೆ, ಅದರ ಕೆಳಗೆ ಸಣ್ಣ ಭಾರ ಕಟ್ಟಿ ನಾಲ್ಕೈದು ಬಾರಿ ಇಳಿಸಿ ಎತ್ತಿರಿ. ಬುಡದ ಕಿಂಡಿಯಿಂದ ಉದುರಿದ ಮಸಿಯನ್ನು ಪೂರ್ತಿ ತೆಗೆಯಿರಿ. ಇದನ್ನು ಮರೆತರೆ ಮೇಲೆ ಬಿಡಿಸಿದ್ದೆಲ್ಲ ಕೆಳಗೆ ಕಟ್ಟಿಕೊಂಡು ಮಾಡಿದ ಕೆಲಸ ವ್ಯರ್ಥ. ಟೋಪಿಯ ಸಂದಿಯಲ್ಲಿ ಕಟ್ಟಿದ ಮಸಿ, ಜೇಡರ ಬಲೆ, ಹಕ್ಕಿಗೂಡುಗಳನ್ನೂ ಬಿಡಿಸಿರಿ.

ಮೂಗು ಬಾಯಿಗೆ ಬಟ್ಟೆ ಕಟ್ಟದೆ ಈ ಕೆಲಸಕ್ಕೆ ಇಳಿಯಬೇಡಿ. ಹಾವಸೆ ಕಟ್ಟಿದ ಹೆಂಚಿನ ಮೇಲೆ ಮಳೆಗಾಲದಲ್ಲಿ ಹತ್ತಬೇಡಿ. ಕೆಲವರು ಅಡಿಕೆ ಕೊಯ್ಯುವ ದೋಟಿಯನ್ನೇ ಕೊಳವೆಗೆ ಹಾಕುತ್ತಾರೆ. ಅಲ್ಯೂಮಿನಿಯಂ ದೋಟಿಯೂ ಕಾರ್ಬನ್ ಫೈಬರ್ ದೋಟಿಯೂ ವಿದ್ಯುತ್ತನ್ನು ಹರಿಸುತ್ತವೆ. ಮೇಲೆ ತಂತಿ ಇದೆಯೇ ಎಂದು ನೋಡಿಯೇ ಎತ್ತಬೇಕು.

ಹಳೆಯ ಮನೆಗಳಲ್ಲಿ ಇರುವುದು ಕಲ್ನಾರಿನ ಸಿಮೆಂಟು ಕೊಳವೆ. ಅದು ಅತಿ ಬಿಸಿಗೆ ಬಿರಿಯುತ್ತದೆ. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ಈಗ ತಿಳಿದಿದೆ. ಅಂಥ ಕೊಳವೆಯನ್ನು ಗರಗಸದಲ್ಲಿ ಕೊಯ್ಯಬೇಡಿ, ಲೋಹದ ಬ್ರಷ್ಷಿನಿಂದ ಉಜ್ಜಬೇಡಿ. ಒಡೆದಿದ್ದರೆ ನೀರು ಸಿಂಪಡಿಸಿ, ಇಡಿಯಾಗಿ ಇಳಿಸಿ, ಲೋಹದ ಕೊಳವೆ ಹಾಕಿಸುವುದು ಲೇಸು.

ಸೌದೆಯಲ್ಲೇ ಅರ್ಧ ಗೆಲುವು

ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 540 ಕಿಲೋಕ್ಯಾಲರಿ ಬಿಸಿ ಬೇಕು. ಹಸಿ ಸೌದೆ ಉರಿಸುವವರು ಹಂಡೆಯ ನೀರಿಗಿಂತ ಮೊದಲು ಸೌದೆಯ ನೀರನ್ನು ಕಾಯಿಸುತ್ತಾರೆ. ಜೊತೆಗೆ ಕೊಳವೆಗೆ ಡಾಂಬರು ಬಳಿಯುತ್ತಾರೆ. ಮರಗಸಿಯ ಕೊಂಬೆಗಳನ್ನು ಸೀಳಿ, ನೆಲ ಮುಟ್ಟದಂತೆ ಅಡ್ಡಪಟ್ಟಿಯ ಮೇಲೆ ಪೇರಿಸಿ, ಗಾಳಿಯಾಡಲು ಬಿಟ್ಟು, ಮೇಲೆ ಮಾತ್ರ ಹೊದಿಸಿರಿ. ಕಾಫಿ ಬುಡದ ಸೌದೆ ಗಟ್ಟಿ, ಕೆಂಡ ನಿಲ್ಲುತ್ತದೆ. ಹಾಲುವಾಣ ಹಗುರ, ಭರ್ರನೆ ಉರಿದು ಮುಗಿಯುತ್ತದೆ. ಒದ್ದೆ ಅಡಿಕೆ ಸಿಪ್ಪೆ ಹೊಗೆಯ ತವರು. ಚೆನ್ನಾಗಿ ಒಣಗಿಸಿಯೇ ಹಾಕಬೇಕು. ಪ್ಲಾಸ್ಟಿಕ್ ಚೀಲವನ್ನು ಒಲೆಗೆ ಹಾಕಲೇಬಾರದು.

ಪೆಲೆಟ್ ಒಲೆ ಇರುವವರಿಗೆ

ಕೃಷಿ ತ್ಯಾಜ್ಯವನ್ನು ಒತ್ತಿ ಮಾಡಿದ ಗುಳಿಗೆಗಳನ್ನು, ಅಂದರೆ ಪೆಲೆಟ್‌ಗಳನ್ನು ಉರಿಸುವ ಸಣ್ಣ ಫ್ಯಾನಿನ ಒಲೆಗಳೂ ಕೆಲವು ಮನೆಗಳಿಗೆ ಬಂದಿವೆ. ಈ ಬಗೆಯ ಒಲೆಯ ಬೆಳವಣಿಗೆಯಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸವಿದೆ. ಪ್ರತಿ ಬಾರಿ ಹೊತ್ತಿಸುವ ಮೊದಲು ಉರಿಬಟ್ಟಲನ್ನು ಖಾಲಿ ಮಾಡಬೇಕು. ಬೂದಿ ಕರಗಿ ಗಟ್ಟಿಯಾದ ಕಿಟ್ಟ ಇದ್ದರೆ ಬಿಡಿಸಬೇಕು. ಸುತ್ತಲಿನ ಗಾಳಿ ತೂತುಗಳನ್ನು ತಂತಿಯಿಂದ ಚುಚ್ಚಿ ತೆರೆಯಬೇಕು. ಫ್ಯಾನಿನ ಬಾಯಿಯ ಧೂಳನ್ನು ಒಣ ಕುಂಚದಿಂದ ತೆಗೆಯಬೇಕು, ನೀರು ತಾಗಿಸಬಾರದು. ಗುಳಿಗೆ ತೇವ ಹೀರಿದರೆ ಉಬ್ಬಿ ಪುಡಿಯಾಗುತ್ತದೆ. ಆ ಪುಡಿ ಗಾಳಿಯ ದಾರಿಗೆ ಅಡ್ಡವಾಗುತ್ತದೆ. ನಮ್ಮ ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬವಲ್ಲದೆ ಬೇರೆ ದಾರಿಯಿಲ್ಲ. ಇದಕ್ಕೆ ಹೊಗೆ ಕೊಳವೆ ಇಲ್ಲದಿದ್ದರೆ ಗಾಳಿಯಾಡುವ ಕಡೆಯಲ್ಲೇ ಉರಿಸಬೇಕು.

ಬೂದಿಯನ್ನು ಎಲ್ಲಿ ಹಾಕುವುದು?

ಮೇಲೆ ತಣ್ಣಗೆ ಕಂಡ ಬೂದಿಯೊಳಗೆ ಒಂದು ದಿನ ಕಳೆದರೂ ಕೆಂಡ ಜೀವಂತವಿರಬಹುದು. ಬೂದಿಯನ್ನು ಮುಚ್ಚಳವಿರುವ ತಗಡಿನ ಬಕೆಟ್ಟಿನಲ್ಲಿಯೇ ಇಡಬೇಕು. ಗೋಣಿಗೆ ತುಂಬಿ ಕೊಟ್ಟಿಗೆಯಲ್ಲೋ ಸಿಪ್ಪೆ ರಾಶಿಯ ಬಳಿಯೋ ಇಡುವುದು ಬೆಂಕಿಯನ್ನು ಕರೆದಂತೆ. ಪೂರ್ತಿ ತಣಿದ ಸೌದೆ ಬೂದಿಯಲ್ಲಿ ಪೊಟ್ಯಾಷ್ ಮತ್ತು ಸುಣ್ಣದ ಅಂಶಗಳಿವೆ. ಅಡಿಕೆ ಬುಡಕ್ಕೆ ತೆಳ್ಳಗೆ ಹರಡಬಹುದು. ಯೂರಿಯಾ ಅಥವಾ ಅಮೋನಿಯಾ ಗೊಬ್ಬರದ ಜೊತೆ ಮಾತ್ರ ಬೆರೆಸಬಾರದು; ಸಾರಜನಕ ಗಾಳಿಗೆ ಹೋಗುತ್ತದೆ.

ಇದು ಯಾರ ಕೆಲಸ?

ನಮ್ಮ ಮನೆಗಳಲ್ಲಿ ಸೌದೆ ಸೀಳುವುದು ಗಂಡಸರ ಕೆಲಸ, ಒಲೆ ಉರಿಸುವುದು ಹೆಂಗಸರ ಕೆಲಸ. ಕೊಳವೆ ತೆಗೆಯುವುದು ಯಾರ ಕೆಲಸವೂ ಅಲ್ಲ. ಸೂರಿನ ಮೇಲೆ ಹತ್ತಬೇಕಾದವರು ಒಲೆಯ ಮುಂದೆ ಕೂರುವವರಲ್ಲ. ಹೊಗೆ ಅವರ ಕಣ್ಣಿಗೆ ಹೋಗುವುದಿಲ್ಲ. ಒಲೆಗಳು ಹಾಳಾಗುವುದರ ಮೂಲ ಇಲ್ಲಿದೆ ಎಂದು ನಾವು ನಂಬುತ್ತೇವೆ.

ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಮಳೆಗೆ ಮೊದಲೇ ದಿನ ಗೊತ್ತುಮಾಡುವ ನಾವು ಒಲೆಗೂ ಎರಡು ದಿನ ಗೊತ್ತುಮಾಡೋಣ. ಮೊದಲನೆಯದು ಮೇ ತಿಂಗಳಲ್ಲಿ, ಹೆಂಚು ಒಣಗಿರುವಾಗ. ಎರಡನೆಯದು ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮೊದಲು. ಆ ದಿನ ಹಂಡೆಯನ್ನು ಬೆಳಗಿ, ಒಲೆ ಸಾರಿಸಿ, ಕೆಮ್ಮಣ್ಣು ಸುಣ್ಣದ ಪಟ್ಟೆ ಬರೆಯುವುದು ಹೇಗೂ ಇದೆ. ಹಂಡೆಗೆ ಸಿಕ್ಕುವ ಮರ್ಯಾದೆಯಲ್ಲಿ ಸ್ವಲ್ಪ ಪಾಲು ಕೊಳವೆಗೂ ಸಿಗಲಿ. ಸದಸ್ಯ ಬಾಂಧವರು ಈ ಎರಡು ದಿನಗಳನ್ನು ತೋಟದ ಕೆಲಸದ ಪಟ್ಟಿಯಲ್ಲೇ ಬರೆದುಕೊಳ್ಳಬೇಕೆಂದು, ಏಣಿ ಹಿಡಿಯಲು ಒಬ್ಬರನ್ನು ಜೊತೆಗಿಟ್ಟುಕೊಂಡು ತಾವೇ ಮುಂದಾಗಬೇಕೆಂದು ಕೋರುತ್ತೇವೆ.