ಕೊಬ್ಬರಿ ನಾಡಿನ ನೆಲಗಾರಿಕೆ

ತೆಂಗಿನ ಬೇಸಾಯದ ಕೊನೆಯ ಹಂತ ತೋಟದಲ್ಲಿ ಮುಗಿಯದೆ ಮನೆಯೊಳಕ್ಕೂ ಬರುವ ಪ್ರದೇಶಗಳಲ್ಲಿ ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಮುಖ್ಯವಾದವು. ಬಲಿತ ಕಾಯಿಗಳನ್ನು ಅಟ್ಟಕ್ಕೇರಿಸಿ, 8ರಿಂದ 12 ತಿಂಗಳು ಹಾಗೆಯೇ ಬಿಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಒಡೆದು ತೆಗೆಯುವ ಉಂಡೆ ಕೊಬ್ಬರಿ ಇಲ್ಲಿನ ಪ್ರಧಾನ ಸರಕು. ಕೊಬ್ಬರಿಗೆ ಪ್ರತ್ಯೇಕ ಶೆಡ್ಡು ಇಲ್ಲದ ಮನೆಗಳಲ್ಲಿ ಕಾಯಿ ಅಟ್ಟದಿಂದ ಇಳಿಯುವುದೂ, ಸಿಪ್ಪೆ ರಾಶಿ ಬೀಳುವುದೂ, ಕೊಬ್ಬರಿಯ ಜಿಡ್ಡು ಹತ್ತುವುದೂ ಹಜಾರದ ಅಥವಾ ಜಗಲಿಯ ನೆಲಕ್ಕೇ. ಆದುದರಿಂದ ಈ ಸೀಮೆಯಲ್ಲಿ ನೆಲ ಹಾಕುವ ಕುಶಲಕರ್ಮಿಯು ಬಣ್ಣ ಯಾವುದೆಂದು ಕೇಳುವುದಕ್ಕೆ ಮೊದಲು ಆ ಕೋಣೆಯಲ್ಲಿ ಏನು ಕೆಲಸ ನಡೆಯುತ್ತದೆಂದು ಕೇಳಬೇಕಾಗುತ್ತದೆ.

ಮಣ್ಣನ್ನು ದಿಮ್ಮಸು ಹೊಡೆದು ಗಟ್ಟಿಮಾಡಿ ಸಗಣಿ ಸಾರಿಸಿದ ನೆಲ, ಸುಣ್ಣ ಮತ್ತು ಮರಳನ್ನು ಅರೆದು ಹಾಕಿದ ಗಾರೆ ನೆಲ, ಕಲ್ಲು ಚಪ್ಪಡಿಯ ನೆಲ ಇವೆಲ್ಲ ಹಳೆಯ ತೊಟ್ಟಿ ಮನೆಗಳಲ್ಲಿ ಅಕ್ಕಪಕ್ಕದಲ್ಲಿಯೇ ಇದ್ದವು. ಸಿಮೆಂಟು ಬಳಕೆಗೆ ಬಂದ ಮೇಲೆ ಹರಡಿದ ರೆಡ್ ಆಕ್ಸೈಡ್ ನೆಲವು ಇವುಗಳಲ್ಲಿ ಹೆಚ್ಚಿನ ಕೈಚಳಕವನ್ನು ಬೇಡುವಂಥದು. ಕಾಂಕ್ರೀಟಿನ ಮೇಲೆ ಹಾಕಿದ ಗಾರೆ ಇನ್ನೂ ಹಸಿಯಾಗಿರುವಾಗಲೇ ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಬೆರೆಸಿದ ತೆಳು ಲೇಪವನ್ನು ಹರಡಿ, ಹೊಳಪು ಬರುವವರೆಗೆ ಕರಣೆಯಿಂದ ಉಜ್ಜಬೇಕು. ಒಂದು ಕೋಣೆಯನ್ನು ಒಂದೇ ಉಸಿರಿಗೆ ಮುಗಿಸಬೇಕು, ಇಲ್ಲವಾದರೆ ಮಾರನೆಯ ದಿನದ ಲೇಪವು ಬಣ್ಣದಲ್ಲಿ ಬೇರೆಯಾಗಿ ಎದ್ದು ಕಾಣುತ್ತದೆ. ಬಳಿಕ ಸುಮಾರು ಒಂದು ವಾರ ನೀರು ಕಟ್ಟಿ ಹದಗೊಳಿಸಬೇಕು. ಒಣಗುವಾಗ ಸಿಮೆಂಟು ಕುಗ್ಗಿ ಕೂದಲೆಳೆಯ ಬಿರುಕು ಬಿಡುವುದರಿಂದ ಜಾಣ ಮೇಸ್ತ್ರಿಗಳು ನೆಲವನ್ನು ಗೆರೆಗಳಿಂದ ಚೌಕಗಳಾಗಿ ವಿಭಾಗಿಸಿ, ಬಿರುಕು ಆ ಗೆರೆಯಲ್ಲೇ ಅಡಗುವಂತೆ ಮಾಡುತ್ತಿದ್ದರು. ಕೊನೆಯ ಹೊಳಪಿಗೆ ತೆಂಗಿನೆಣ್ಣೆ ಸವರಿ ಉಜ್ಜುವುದು ವಾಡಿಕೆಯಾಗಿದ್ದು, ಅದಕ್ಕೆ ಬೇಕಾದ ಎಣ್ಣೆಯೂ ನಾರೂ ಈ ಸೀಮೆಯಲ್ಲಿ ಹಿತ್ತಲಿನ ಸಾಮಗ್ರಿಗಳು. ಬಳಸಿದಷ್ಟೂ ನುಣುಪಾಗುವ ಇಂತಹ ನೆಲವನ್ನು ಒಡೆದು ಟೈಲ್ಸ್ ಹಾಕಿಸುವುದು ಎಷ್ಟೋ ಮನೆಗಳಲ್ಲಿ ಅಗತ್ಯಕ್ಕಿಂತ ಅವಸರದ ತೀರ್ಮಾನವೇ ಸರಿ.

ಇಂದು ಹೊಸ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಗುಜರಾತಿನ ಮೋರ್ಬಿಯಂತಹ ಕೇಂದ್ರಗಳಲ್ಲಿ ತಯಾರಾಗುವ ವಿಟ್ರಿಫೈಡ್ ಟೈಲ್ಸ್, ಎಂದರೆ ಅಧಿಕ ಉಷ್ಣದಲ್ಲಿ ಗಾಜಿನಂತೆ ಬಿಗಿಯಾಗುವವರೆಗೆ ಸುಟ್ಟ ಬಿಲ್ಲೆ. ಇದು ಹೀರಿಕೊಳ್ಳುವ ನೀರು ತನ್ನ ತೂಕದ ಶೇ 0.5ನ್ನು ಮೀರದಿರುವುದು ಕಲೆಯ ದೃಷ್ಟಿಯಿಂದ ಗುಣ, ಅಂಟುವ ದೃಷ್ಟಿಯಿಂದ ತೊಡಕು. ಸಿಮೆಂಟಿನ ಹಾಲು ಬಿಲ್ಲೆಯೊಳಗೆ ಇಳಿದು ಬೇರೂರಲಾರದು. ಆದ್ದರಿಂದಲೇ ಇದಕ್ಕೆ ಪಾಲಿಮರ್ ಬೆರೆತ ಟೈಲ್ ಅಂಟು ತಕ್ಕದ್ದಾಗಿದ್ದು, ಅಂತಹ ಅಂಟುಗಳಿಗೆ ಐಎಸ್ 15477 ಎಂಬ ಭಾರತೀಯ ಮಾನಕವಿದೆ. ಅಂಟನ್ನು ಹಲ್ಲಿನ ಕರಣೆಯಿಂದ ಗೀರುಗೀರಾಗಿ ಎಳೆದು ಬಿಲ್ಲೆಯನ್ನು ಒತ್ತಿ ಕೂರಿಸಿದಾಗ ಗಾಳಿ ಹೊರಬಿದ್ದು ಅಡಿಯೆಲ್ಲ ತುಂಬುತ್ತದೆ. ನಾಲ್ಕು ಮೂಲೆಗೆ ನಾಲ್ಕು ಉಂಡೆ ಸಿಮೆಂಟು ಇಟ್ಟು ಬಿಲ್ಲೆಯನ್ನು ಬಡಿದು ಕೂರಿಸಿದರೆ ನಡುವೆ ಪೊಳ್ಳು ಉಳಿಯುತ್ತದೆ. ಬೆರಳಿನ ಗಿಣ್ಣಿನಿಂದ ತಟ್ಟಿದಾಗ ಡೊಳ್ಳೆನ್ನುವ ಅಂತಹ ಬಿಲ್ಲೆಯು ಅಟ್ಟದಿಂದ ಜಾರಿದ ಒಂದೇ ಕಾಯಿಗೆ ಸೀಳುತ್ತದೆ.

ನೆಲದ ಬಾಳಿಕೆಯನ್ನು ನಿಶ್ಚಯಿಸುವುದು ಬಿಲ್ಲೆಗಿಂತ ಹೆಚ್ಚಾಗಿ ಅದರ ಅಡಿಯ ಕೆಲಸ. ಬುನಾದಿಯೊಳಗೆ ಸುರಿದ ಮಣ್ಣನ್ನು ಪದರ ಪದರವಾಗಿ ನೀರುಣಿಸಿ ದಿಮ್ಮಸು ಹೊಡೆಯದೆ ಕಾಂಕ್ರೀಟು ಹಾಕಿದ ಮನೆಯಲ್ಲಿ ಕೆಲವು ಮಳೆಗಾಲಗಳ ನಂತರ ನೆಲ ಕುಸಿದು, ಗೋಡೆಯಂಚಿನ ಸ್ಕರ್ಟಿಂಗ್ ಪಟ್ಟಿಗೂ ನೆಲಕ್ಕೂ ನಡುವೆ ಬೆರಳು ತೂರುವಷ್ಟು ಸಂದಿ ಬೀಳುತ್ತದೆ. ನುರಿತ ತಂಡವು ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಎಲ್ಲ ಕೋಣೆಗಳ ಮಟ್ಟವನ್ನು ಗೋಡೆಗೆ ಗುರುತು ಮಾಡಿ, ಮಟ್ಟಗೋಲು ಮತ್ತು ರಸಮಟ್ಟಗಳಿಂದ ಸರಿನೋಡಿ, ಬಚ್ಚಲು ಮತ್ತು ಜಗಲಿಗೆ ವಾಟ, ಎಂದರೆ ನೀರು ಹರಿಯುವಷ್ಟು ಇಳಿಜಾರು ಕೊಟ್ಟ ನಂತರವೇ ಬಿಲ್ಲೆಯ ಪೆಟ್ಟಿಗೆ ತೆರೆಯುತ್ತದೆ.

ಕನ್ನಡಿಯಂತೆ ಹೊಳೆಯುವ ಒಂದೇ ಬಿಲ್ಲೆಯನ್ನು ಮನೆಯ ತುಂಬ ಹಾಕಿಸುವ ಈಚಿನ ರೂಢಿಯು ಕೊಬ್ಬರಿ ಮನೆಗೆ ಹೊಂದುವಂಥದಲ್ಲ, ಏಕೆಂದರೆ ಜಿಡ್ಡು ಬಿದ್ದ ಹೊಳಪಿನ ಬಿಲ್ಲೆಯ ಮೇಲೆ ವಯಸ್ಸಾದವರು ಕಾಲಿಡುವುದೇ ಅಪಾಯ. ಹಜಾರಕ್ಕೂ ಅಡುಗೆಮನೆಗೂ ತರಿಯಾದ ಮ್ಯಾಟ್ ಬಿಲ್ಲೆ, ಕಾಯಿ ಸುಲಿಯುವ ಅಂಗಳಕ್ಕೆ ದಪ್ಪ ಚಪ್ಪಡಿ ಅಥವಾ ಒರಟು ಕಾಂಕ್ರೀಟು ತಕ್ಕದ್ದು.

ಕೂಲಿಯನ್ನು ಸಾಮಾನ್ಯವಾಗಿ ಚದರಡಿಗೆ ಇಷ್ಟೆಂದು ಗೊತ್ತುಮಾಡುತ್ತಾರೆ. 100 ಚದರಡಿಗೆ ಒಂದು ಚದರ. ಸ್ಥಳೀಯ ಗಾರೆ ಕೆಲಸದವರ ಜೊತೆಗೆ ಉತ್ತರ ಭಾರತದಿಂದ ಬಂದ ತಂಡಗಳೂ ಈ ಕೆಲಸದಲ್ಲಿವೆ. ಅಳತೆಯ ಕೂಲಿಯು ವೇಗಕ್ಕೆ ಬೆಲೆ ಕಟ್ಟುತ್ತದೆಯೇ ಹೊರತು ಅಡಿಯ ತಯಾರಿಗಲ್ಲವಾದ್ದರಿಂದ, ಮಟ್ಟ ಮಾಡುವ ಕೆಲಸಕ್ಕೆ ಬೇರೆಯಾಗಿ ಹಣ ಗೊತ್ತುಪಡಿಸುವುದು ಉಭಯರಿಗೂ ಕ್ಷೇಮ. ಬಿಲ್ಲೆಗಳ ಛಾಯೆ ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಬದಲಾಗುವುದರಿಂದ ಮುಂದಿನ ರಿಪೇರಿಗೆಂದು ಅದೇ ಬ್ಯಾಚಿನ ಒಂದೆರಡು ಪೆಟ್ಟಿಗೆಗಳನ್ನು ಹೆಚ್ಚಿಗೆ ತರಿಸಿ, ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆಯನ್ನು ಬಿಲ್ಲಿನೊಂದಿಗೆ ಬರೆದಿಡುವಂತೆ ಅನುಭವಿ ಮೇಸ್ತ್ರಿಗಳು ಮನೆಯವರಿಗೆ ಹೇಳುತ್ತಾರೆ.