ಮದುವಣಗಿತ್ತಿಯ ಕೈಯ ಗಿಟಾರು

1951ರ ಜುಲೈ 3ರಂದು ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಒಂದು ಮದುವೆ ನಡೆಯಿತು. ನಡೆದದ್ದು ಚರ್ಚಿನಲ್ಲಲ್ಲ, ಬೇಸ್‌ಬಾಲ್ ಆಡುವ ಗ್ರಿಫಿತ್ ಕ್ರೀಡಾಂಗಣದಲ್ಲಿ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದರೆಂದು ಅಂದಾಜು, ಅವರೆಲ್ಲ ದುಡ್ಡು ಕೊಟ್ಟು ಟಿಕೆಟ್ ಕೊಂಡು ಬಂದವರು. ಪಾದ್ರಿ ಶಾಸ್ತ್ರೋಕ್ತವಾಗಿ ಮದುವೆ ಮಾಡಿಸಿದರು. ಆಮೇಲೆ ಮದುವಣಗಿತ್ತಿ ಬಿಳಿ ಗೌನಿನಲ್ಲೇ ಹೆಗಲಿಗೆ ಎಲೆಕ್ಟ್ರಿಕ್ ಗಿಟಾರು ಏರಿಸಿಕೊಂಡು ದೇವರ ಹಾಡುಗಳನ್ನು ಹಾಡಿದಳು. ಕೊನೆಗೆ ಬಾಣಬಿರುಸು. ಡೆಕ್ಕಾ ಕಂಪನಿ ಇಡೀ ಸಮಾರಂಭವನ್ನು ಧ್ವನಿಮುದ್ರಿಸಿ ಎಲ್‌ಪಿ ಮಾಡಿ ಮಾರಿತು.

ವಧು ಸಿಸ್ಟರ್ ರೊಸೆಟಾ ಥಾರ್ಪ್. ವಯಸ್ಸು 36, ಇದು ಮೂರನೆಯ ಮದುವೆ. ವರ ರಸೆಲ್ ಮಾರಿಸನ್. ಕಾರ್ಯಕ್ರಮ ಏರ್ಪಡಿಸಿದ ಫೆಲ್ಡ್ ಸಹೋದರರೊಂದಿಗೆ ಒಪ್ಪಂದವಾಗಿ ದಿನ ಗೊತ್ತುಮಾಡುವ ಹೊತ್ತಿಗೆ ವರ ಇನ್ನೂ ನಿಶ್ಚಯವಾಗಿರಲಿಲ್ಲ ಎಂದು ಹೇಳುತ್ತಾರೆ.

ಮದುವೆಯನ್ನು ಮಾರಾಟಕ್ಕಿಟ್ಟಳು ಎಂದು ಮೂಗು ಮುರಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅಲ್ಲಿ ನೆರೆದವರಲ್ಲಿ ಬಹುಪಾಲು ಕಪ್ಪು ಜನ. ತಮ್ಮವಳೊಬ್ಬಳ ಸಂಭ್ರಮವನ್ನು ರಾಜಧಾನಿಯ ನಟ್ಟನಡುವೆ, ರಾಣಿಯ ಮದುವೆಯಂತೆ ನೋಡುವ ಭಾಗ್ಯ ಅವರಿಗೆ ಎಷ್ಟು ಸಲ ಸಿಕ್ಕಿತ್ತು? ಅಷ್ಟು ಮಂದಿಯ ಎದುರು ದೇವರ ಹಾಡಿಗೆ ಎಲೆಕ್ಟ್ರಿಕ್ ಗಿಟಾರು ನುಡಿಸುವ ಧೈರ್ಯ ಈ ಹೆಣ್ಣಿಗೆ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ರಾಕ್ ಅಂಡ್ ರೋಲ್ ಎಂಬ ಸಂಗೀತದ ಹುಟ್ಟೇ ಕೈಗೆ ಸಿಗುತ್ತದೆ. ಅದು ಸಿಗುವ ಜಾಗ ಚರ್ಚು.

ಅರ್ಕಾನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಎಂಬ ಸಣ್ಣ ಊರಿನಲ್ಲಿ 1915ರ ಮಾರ್ಚ್ 20ರಂದು ರೊಸೆಟಾ ಹುಟ್ಟಿದಳು. ಮನೆಯವರು ಹತ್ತಿ ಬಿಡಿಸಿ ಬದುಕುತ್ತಿದ್ದವರು. ತಾಯಿ ಕೇಟಿ ಬೆಲ್ ನ್ಯೂಬಿನ್ ಮ್ಯಾಂಡೊಲಿನ್ ನುಡಿಸುತ್ತಿದ್ದಳು, ಹಾಡುತ್ತಿದ್ದಳು, ಊರೂರು ಅಲೆದು ಸುವಾರ್ತೆ ಸಾರುತ್ತಿದ್ದಳು. ಅವರ ಪಂಗಡ ‘ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್’. ಅದರ ಮುಖ್ಯಸ್ಥ ಚಾರ್ಲ್ಸ್ ಹ್ಯಾರಿಸನ್ ಮೇಸನ್ 1907ರಲ್ಲಿ ಲಾಸ್ ಏಂಜಲಿಸ್‌ನ ಅಜೂಸಾ ಬೀದಿಯ ಪ್ರಾರ್ಥನಾ ಕೂಟಕ್ಕೆ ಹೋಗಿದ್ದ. ಕಪ್ಪು ಬೋಧಕ ವಿಲಿಯಂ ಸೀಮರ್ ನಡೆಸುತ್ತಿದ್ದ ಆ ಕೂಟದಲ್ಲಿ ಜನ ಪವಿತ್ರಾತ್ಮ ಮೈದುಂಬಿ ಅನ್ಯಭಾಷೆಗಳಲ್ಲಿ ಮಾತಾಡುತ್ತಿದ್ದರು. ಮೇಸನ್ ಆ ಉರಿಯನ್ನು ಹೊತ್ತುಕೊಂಡು ಊರಿಗೆ ಮರಳಿದ.

ಹಳೆಯ, ಮರ್ಯಾದಸ್ಥ ಕಪ್ಪು ಚರ್ಚುಗಳಿಗೆ ಈ ಪಂಗಡವೆಂದರೆ ಮುಜುಗರ. ಅಲ್ಲಿ ಆರ್ಗನ್ನಿನ ಗಂಭೀರ ನಾದ, ಅಚ್ಚುಕಟ್ಟಾದ ಗಾಯಕವೃಂದ. ಇಲ್ಲಿ ಚಪ್ಪಾಳೆ, ಕುಣಿತ, ತಂಬೂರಿನ್, ಡ್ರಮ್ಮು, ಕಹಳೆ, ಗಿಟಾರು. ಬೈಬಲಿನ 150ನೇ ಕೀರ್ತನೆ ತಂತಿವಾದ್ಯ, ತಾಳ, ತುತ್ತೂರಿಗಳನ್ನೆಲ್ಲ ಹೆಸರಿಸಿ ದೇವರನ್ನು ಸ್ತುತಿಸಲು ಕರೆಯುತ್ತದೆ. ಇವರು ಆ ಮಾತನ್ನು ಅಕ್ಷರಶಃ ಪಾಲಿಸಿದರು. ಬ್ಲೂಸ್ ಎಂಬ ಲೌಕಿಕ ಹಾಡು ಹಾಡುವವರ ಕೈಯಲ್ಲಿದ್ದ ಕಾರಣಕ್ಕೆ ಇತರರು ಸೈತಾನನದೆಂದು ದೂರವಿಟ್ಟಿದ್ದ ಗಿಟಾರು ಈ ಮಂದಿಗೆ ಪೂಜೆಯ ಸಾಮಗ್ರಿಯೇ ಆಗಿತ್ತು. ಹೆಂಗಸರಿಗೆ ಪಾದ್ರಿ ಪದವಿ ಇರಲಿಲ್ಲ, ಆದರೆ ಹಾಡಲು, ನುಡಿಸಲು, ಊರೂರು ತಿರುಗಿ ಸಾಕ್ಷಿ ಹೇಳಲು ಅಡ್ಡಿಯಿರಲಿಲ್ಲ. ಕೇಟಿ ಬೆಲ್ ಆ ಸಂದಿಯಲ್ಲೇ ತನ್ನ ಬದುಕನ್ನು ಕಟ್ಟಿಕೊಂಡಳು, ಮಗಳನ್ನೂ ಅದೇ ದಾರಿಗೆ ಹಚ್ಚಿದಳು.

ತಾಯಿ ಮಗಳು ಶಿಕಾಗೊ ಸೇರಿದಾಗ ರೊಸೆಟಾ ಇನ್ನೂ ಎಳೆಯ ಹುಡುಗಿ. ಆಗಲೇ ಚರ್ಚಿನಲ್ಲಿ ಅವಳ ಗಿಟಾರು ಕೇಳಲು ಜನ ಕಾಯುತ್ತಿದ್ದರು. ಇದೇ ಪಂಗಡದ ಅಂಧ ಗಾಯಕಿ ಅರಿಜೋನಾ ಡ್ರೇನ್ಸ್ 1926ರಲ್ಲಿ ಶಿಕಾಗೊದಲ್ಲೇ ಓಕೆ ರೆಕಾರ್ಡ್ ಕಂಪನಿಗೆ ಹಾಡಿದ ತಟ್ಟೆಗಳು ಉಳಿದಿವೆ. ರ‍್ಯಾಗ್‌ಟೈಮ್ ಪಿಯಾನೊ, ಅದರ ಮೇಲೆ ಎದೆ ಸೀಳುವ ದನಿ. ಅದನ್ನು ಕೇಳಿದರೆ ರೊಸೆಟಾ ಬೆಳೆದ ಗಾಳಿ ಎಂಥದ್ದೆಂದು ತಿಳಿಯುತ್ತದೆ.

1934ರಲ್ಲಿ ಥಾಮಸ್ ಥಾರ್ಪ್ ಎಂಬ ಬೋಧಕನೊಂದಿಗೆ ಮದುವೆಯಾಯಿತು. ದಾಂಪತ್ಯ ಉಳಿಯಲಿಲ್ಲ, ಅಡ್ಡಹೆಸರು ಉಳಿಯಿತು. 1938ರಲ್ಲಿ ತಾಯಿಯೊಂದಿಗೆ ನ್ಯೂಯಾರ್ಕಿಗೆ ಬಂದ ರೊಸೆಟಾ ಅದೇ ಅಕ್ಟೋಬರಿನಲ್ಲಿ ಕಾಟನ್ ಕ್ಲಬ್ಬಿನ ವೇದಿಕೆ ಹತ್ತಿದಳು. ಕುಡಿತ, ಕುಣಿತ, ಅರೆಬೆತ್ತಲೆ ನರ್ತಕಿಯರ ನಡುವೆ ಕ್ಯಾಬ್ ಕ್ಯಾಲೊವೆಯ ಜಾಜ್ ತಂಡ, ಆ ತಂಡದೊಂದಿಗೆ ದೇವರ ಹಾಡು ಹಾಡುವ ಈ ಹುಡುಗಿ. ಅದೇ ತಿಂಗಳ 31ರಂದು ಡೆಕ್ಕಾಗೆ ಮೊದಲ ಧ್ವನಿಮುದ್ರಣ. ಡಿಸೆಂಬರ್ 23ರಂದು ಸಂಗೀತ ನಿರ್ಮಾಪಕ ಜಾನ್ ಹ್ಯಾಮಂಡ್ ಏರ್ಪಡಿಸಿದ್ದ ‘ಫ್ರಮ್ ಸ್ಪಿರಿಚುವಲ್ಸ್ ಟು ಸ್ವಿಂಗ್’ ಕಛೇರಿಗಾಗಿ ಕಾರ್ನೆಗಿ ಹಾಲ್. ಮೂರೇ ತಿಂಗಳಲ್ಲಿ ಇಷ್ಟೆಲ್ಲ.

ಜಗಳ ಶುರುವಾದದ್ದೂ ಆಗಲೇ. ಡೆಕ್ಕಾಗೆ ಆಕೆ ಹಾಡಿದ ‘ರಾಕ್ ಮಿ’ ಮೂಲತಃ ಥಾಮಸ್ ಡಾರ್ಸಿ ಬರೆದ ಚರ್ಚಿನ ಹಾಡು. ದೇವರ ಎದೆಯಲ್ಲಿ ಆಸರೆ ಬೇಡುವ ಪ್ರಾರ್ಥನೆ ಅದು. ರೊಸೆಟಾ ಅಲ್ಲಲ್ಲಿ ಮಾತು ಬದಲಿಸಿ, ದನಿಯಲ್ಲಿ ಒಂದು ಬಳುಕು ತಂದು ಹಾಡಿದಳು. ಕ್ಲಬ್ಬಿನ ಗಿರಾಕಿಗೆ ಅದು ಪ್ರೇಮಗೀತೆಯಾಗಿ ಕೇಳಿಸಿತು, ಚರ್ಚಿನ ಹಿರಿಯರಿಗೆ ಧರ್ಮದ್ರೋಹವಾಗಿ. ‘ಲೋಕದ ಪಾಲಾದಳು’ ಎಂದರು.

ಆದರೆ ಈ ಡಾರ್ಸಿಯ ಕಥೆಯನ್ನೂ ಗಮನಿಸಬೇಕು. ಬೋಧಕನ ಮಗನಾದ ಆತ ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಬ್ಲೂಸ್ ಪಿಯಾನೊ ನುಡಿಸುತ್ತಿದ್ದವನು, ಗಾಯಕಿ ಮಾ ರೇನಿಯ ತಂಡದಲ್ಲಿದ್ದವನು. 1928ರಲ್ಲಿ ಟ್ಯಾಂಪಾ ರೆಡ್ ಜತೆ ಹಾಡಿದ ಪೋಲಿ ಹಾಡೊಂದರಿಂದ ದೊಡ್ಡ ಹೆಸರು ಮಾಡಿದ್ದ. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿಯನ್ನೂ, ಅದರ ಬೆನ್ನಿಗೇ ಹಸುಗೂಸನ್ನೂ ಕಳೆದುಕೊಂಡ ಮೇಲೆ ಬರೆದ ಪ್ರಾರ್ಥನೆಯ ಹಾಡು ಅವನನ್ನು ಗಾಸ್ಪೆಲ್ ಎಂಬ ಚರ್ಚಿನ ಭಕ್ತಿಸಂಗೀತದ ಪಿತಾಮಹನನ್ನಾಗಿ ಮಾಡಿತು. ಅವನು ಬ್ಲೂಸಿನ ಸ್ವರಗಳನ್ನು ಚರ್ಚಿಗೆ ತಂದಾಗಲೂ ಹಲವು ಬಾಗಿಲುಗಳು ಮುಚ್ಚಿದ್ದವು, ಆಮೇಲೆ ತೆರೆದವು. ಒಳಗೆ ತಂದ ಗಂಡಸಿಗೆ ಕಾಲಕ್ರಮದಲ್ಲಿ ಕ್ಷಮೆ ಸಿಕ್ಕಿತು. ಅದನ್ನೇ ಹೊರಗೆ ಒಯ್ದ ಹೆಂಗಸಿಗೆ ಬದುಕಿನುದ್ದಕ್ಕೂ ಪೂರ್ತಿ ಸಿಗಲಿಲ್ಲ.

ರೊಸೆಟಾ ಬೆಳೆದ ಶಿಕಾಗೊದಲ್ಲೇ ಹೆಸರಾದ ಗಾಸ್ಪೆಲ್ ಗಾಯಕಿ ಮಹೇಲಿಯಾ ಜಾಕ್ಸನ್ ನೈಟ್‌ಕ್ಲಬ್ಬಿನ ಹೊಸ್ತಿಲು ತುಳಿಯುವುದಿಲ್ಲ ಎಂದು ಹಟ ಹಿಡಿದವಳು. ಎಷ್ಟು ದುಡ್ಡು ಮುಂದಿಟ್ಟರೂ ಬಗ್ಗಲಿಲ್ಲ. ಅವಳ ನಿಷ್ಠೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅವಳನ್ನು ಅಳತೆಗೋಲು ಮಾಡಿ ರೊಸೆಟಾಳನ್ನು ಅಳೆಯುವುದು ಅನ್ಯಾಯ. ದೇವರು ಚರ್ಚಿನ ನಾಲ್ಕು ಗೋಡೆಯೊಳಗೆ ಮಾತ್ರ ಇದ್ದಾನೆಯೇ? ಹೆಂಡದ ಬಟ್ಟಲು ಹಿಡಿದು ಕೂತವನಿಗೂ ಸುವಾರ್ತೆ ಬೇಡವೇ? ರೊಸೆಟಾಳ ಇಡೀ ಬದುಕು ಈ ಪ್ರಶ್ನೆಯನ್ನು ಕೇಳುತ್ತಲೇ ಇತ್ತು. ನಡುವೆ, 1940ರ ದಶಕದ ಮೊದಲ ವರ್ಷಗಳಲ್ಲಿ, ಲಕಿ ಮಿಲಿಂಡರ್ ತಂಡದೊಂದಿಗೆ ಶುದ್ಧ ಲೌಕಿಕ ಹಾಡುಗಳನ್ನೂ ಆಕೆ ಹಾಡಿದಳು. ಅವು ನನಗೆ ಅಷ್ಟೇನೂ ಹಿಡಿಸುವುದಿಲ್ಲ. ಅಲ್ಲಿ ದೇವರೂ ಇಲ್ಲ, ಆಕೆಯ ಗಿಟಾರಿಗೆ ಮಾಡಲು ಹೆಚ್ಚು ಕೆಲಸವೂ ಇಲ್ಲ.

ಆ ತಂಡ ಬಿಟ್ಟು ಮತ್ತೆ ಭಕ್ತಿಗೆ ಮರಳಿದಾಗ ಬಂದದ್ದು 1944ರಲ್ಲಿ ಧ್ವನಿಮುದ್ರಿಸಿದ ‘ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ’. ಸ್ಯಾಮಿ ಪ್ರೈಸ್‌ನ ಪಿಯಾನೊ, ಬಾಸ್, ಡ್ರಮ್, ಆಕೆಯದೇ ಎಲೆಕ್ಟ್ರಿಕ್ ಗಿಟಾರು. 1945ರಲ್ಲಿ ಅದು ಬಿಲ್‌ಬೋರ್ಡ್ ಪತ್ರಿಕೆಯ ‘ರೇಸ್’ ಪಟ್ಟಿಯಲ್ಲಿ, ಅಂದರೆ ಕಪ್ಪು ಜನರ ಸಂಗೀತಕ್ಕೆಂದು ಬೇರೆಯಾಗಿಟ್ಟಿದ್ದ ಪಟ್ಟಿಯಲ್ಲಿ, ಎರಡನೆಯ ಸ್ಥಾನಕ್ಕೇರಿತು. ಗಾಸ್ಪೆಲ್ ತಟ್ಟೆಯೊಂದು ಅಷ್ಟು ಎತ್ತರ ಮುಟ್ಟಿದ್ದು ದೊಡ್ಡ ಸುದ್ದಿ. ಮೊದಲ ರಾಕ್ ಅಂಡ್ ರೋಲ್ ಹಾಡು ಯಾವುದು ಎಂಬ ಮುಗಿಯದ ವಾದದಲ್ಲಿ ಹಲವರು ಬೊಟ್ಟು ಮಾಡುವುದು ಇದಕ್ಕೇ. ಎಲ್ವಿಸ್ ಪ್ರೀಸ್ಲಿಗೆ ಆಗ ಹತ್ತು ವರ್ಷ.

ಎರಡು ವರ್ಷದ ನಂತರ, 1947ರಲ್ಲಿ, ಜಾರ್ಜಿಯಾದ ಮೇಕನ್ ನಗರದ ಸಭಾಂಗಣದಲ್ಲಿ ಆಕೆಯ ಕಛೇರಿ. ಅಲ್ಲಿ ತಂಪು ಪಾನೀಯ ಮಾರುತ್ತಿದ್ದ ಹದಿನಾಲ್ಕರ ಹುಡುಗನೊಬ್ಬ ಆಕೆಯ ಹಾಡನ್ನು ಹಾಡುತ್ತಿದ್ದದ್ದು ಕಿವಿಗೆ ಬಿತ್ತು. ರೊಸೆಟಾ ಅವನನ್ನು ವೇದಿಕೆಗೆ ಕರೆದು ಹಾಡಿಸಿದಳು, ಕೈಗೆ ದುಡ್ಡನ್ನೂ ಇಟ್ಟಳು. ಆ ಹುಡುಗ ಮುಂದೆ ರಾಕ್ ತಾರೆ ಲಿಟ್ಲ್ ರಿಚರ್ಡ್ ಆದ. ಜನಪ್ರಿಯತೆಯ ತುದಿಯಲ್ಲಿದ್ದಾಗ, 1957ರಲ್ಲಿ, ಆಸ್ಟ್ರೇಲಿಯಾ ಪ್ರವಾಸದ ನಡುವೆಯೇ ರಾಕ್ ಸಂಗೀತ ತೊರೆದು ಬೈಬಲ್ ಓದಲು ಹೋದ, ಕೆಲ ವರ್ಷದಲ್ಲಿ ಮತ್ತೆ ರಾಕಿಗೆ ಬಂದ, ಆಮೇಲೂ ಆಚೆ ಈಚೆ ಓಡಾಡುತ್ತಲೇ ಇದ್ದ. 1957ರಲ್ಲೇ ಇನ್ನೊಬ್ಬ ರಾಕ್ ಗಾಯಕ ಜೆರಿ ಲೀ ಲೂಯಿಸ್, ತಾನು ಹಾಡುತ್ತಿರುವುದು ಸೈತಾನನ ಸಂಗೀತವೆಂದು ಸ್ಟುಡಿಯೋದಲ್ಲೇ ನಿರ್ಮಾಪಕ ಸ್ಯಾಮ್ ಫಿಲಿಪ್ಸ್ ಜತೆ ವಾದಕ್ಕಿಳಿದದ್ದು ಟೇಪಿನಲ್ಲಿ ಉಳಿದಿದೆ. ಈ ಗಂಡಸರೆಲ್ಲ ದೇವರೋ ರಾಕೋ ಎಂದು ತೊಳಲಾಡಿದರು. ಅವರಿಗಿಂತ ಮೊದಲೇ ರೊಸೆಟಾ ಎರಡನ್ನೂ ಒಂದೇ ತಂತಿಯಲ್ಲಿ ಮೀಟಿದ್ದಳು.

ಮೇರಿ ನೈಟ್ ಎಂಬ ಗಾಯಕಿ ಜತೆಯಾದದ್ದು ಈ ವರ್ಷಗಳಲ್ಲೇ. ಇಬ್ಬರೂ ಸೇರಿ ಹಾಡಿದ ‘ಅಪ್ ಎಬವ್ ಮೈ ಹೆಡ್’ನಲ್ಲಿ ಒಬ್ಬಳು ಕರೆದರೆ ಇನ್ನೊಬ್ಬಳು ಓಗೊಡುತ್ತಾಳೆ, ಯಾರ ದನಿ ಎಲ್ಲಿ ಮುಗಿಯಿತೆಂದು ಹೇಳುವುದೇ ಕಷ್ಟ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಹೋಟೆಲಿನೊಳಗೆ ಬಿಡದ ಕಾಲ. ಊಟವನ್ನು ಹಿಂಬಾಗಿಲಿನಿಂದ ಕೊಂಡು, ತಮ್ಮ ಬಸ್ಸಿನಲ್ಲೇ ಮಲಗಿ ಊರಿಂದೂರಿಗೆ ಹೋಗುತ್ತಿದ್ದರು. ಗ್ರಿಫಿತ್ ಮೈದಾನದ ಮದುವೆಯಲ್ಲಿ ವಧುವಿನ ಪಕ್ಕದಲ್ಲಿ ನಿಂತವಳೂ ಮೇರಿಯೇ.

ಮದುವೆಯ ನಂತರದ ವರ್ಷಗಳು ಇಳಿಜಾರು. ಇಬ್ಬರು ಗೆಳತಿಯರೂ ಬ್ಲೂಸ್ ಹಾಡುಗಳನ್ನು ಧ್ವನಿಮುದ್ರಿಸಿದರು, ಭಕ್ತವೃಂದ ಮುನಿಸಿಕೊಂಡಿತು. ಅಷ್ಟರಲ್ಲಿ ಆಕೆಯ ಕೈಚಳಕವನ್ನೆಲ್ಲ ಹೀರಿಕೊಂಡ ಹುಡುಗರು, ಅದರಲ್ಲೂ ಬಿಳಿಯ ಹುಡುಗರು, ರೇಡಿಯೋ ತುಂಬಿಬಿಟ್ಟರು. 1957ರಲ್ಲಿ ಕ್ರಿಸ್ ಬಾರ್ಬರ್‌ನ ಜಾಜ್ ತಂಡ ರೊಸೆಟಾಳನ್ನು ಇಂಗ್ಲೆಂಡಿಗೆ ಕರೆಸಿಕೊಂಡಿತು. ತಾಯ್ನಾಡು ಮರೆಯತೊಡಗಿದ್ದವಳನ್ನು ಕಡಲಾಚೆಯವರು ಕಿವಿಗೊಟ್ಟು ಕೇಳಿದರು.

1964ರ ಮೇ 7ರಂದು ಮ್ಯಾಂಚೆಸ್ಟರಿನ ವಿಲ್‌ಬ್ರಹಾಂ ರೋಡ್ ಎಂಬ ಪಾಳುಬಿದ್ದ ರೈಲು ನಿಲ್ದಾಣದಲ್ಲಿ ಗ್ರನಾಡಾ ಟಿವಿ ಒಂದು ಕಾರ್ಯಕ್ರಮ ಚಿತ್ರೀಕರಿಸಿತು. ಒಂದು ಪ್ಲಾಟ್‌ಫಾರ್ಮಿನಲ್ಲಿ ಯುವ ಶ್ರೋತೃಗಳು, ಹಳಿಗಳಾಚೆಯ ಇನ್ನೊಂದರಲ್ಲಿ ಕಲಾವಿದರು. ಮಡ್ಡಿ ವಾಟರ್ಸ್‌ನಂಥ ಬ್ಲೂಸ್ ಘಟಾನುಘಟಿಗಳು ಬಂದಿದ್ದರು. ಟಿವಿಯವರು ನಿಲ್ದಾಣವನ್ನು ಅಮೆರಿಕದ ದಕ್ಷಿಣದ ಹಳ್ಳಿಯಂತೆ ಸಿಂಗರಿಸಿದ್ದರು, ಮರದ ಪೆಟ್ಟಿಗೆ, ಕೋಳಿಗಳು ಎಲ್ಲ ಇದ್ದವು. ಆ ಅಲಂಕಾರ ಕಂಡರೆ ನನಗೆ ರೇಗುತ್ತದೆ. ಆ ಹಳ್ಳಿಗಳ ಹಿಂಬಾಗಿಲಲ್ಲಿ ನಿಂತು ಊಟ ಕೊಂಡವರನ್ನು ಅದರ ಬೊಂಬೆಮನೆಯೊಳಗೆ ನಿಲ್ಲಿಸಿದಂತಿದೆ. ಆದರೆ ರೊಸೆಟಾ ಬಂದದ್ದು ಕುದುರೆ ಸಾರೋಟಿನಲ್ಲಿ, ಒಳ್ಳೆಯ ಕೋಟು, ಎತ್ತರ ಹಿಮ್ಮಡಿಯ ಬೂಟು ತೊಟ್ಟುಕೊಂಡು. ಮಳೆ ಸುರಿದು ಪ್ಲಾಟ್‌ಫಾರ್ಮ್ ಒದ್ದೆಯಾಗಿತ್ತು. ಬಿಳಿಯ ಗಿಬ್ಸನ್ ಗಿಟಾರು ಎತ್ತಿಕೊಂಡವಳೇ ನೋಹನ ಕಾಲದ ಜಲಪ್ರಳಯದ ಹಾಡು ಶುರುಮಾಡಿದಳು. ಆ ಚಿತ್ರಸುರುಳಿ ಉಳಿದಿದೆ. ಬೆರಳುಗಳನ್ನು ನೋಡಿ, ಮುಖವನ್ನೂ ನೋಡಿ. ನಲವತ್ತೊಂಬತ್ತರ ಆ ಹೆಣ್ಣು ಯಾರನ್ನೂ ಮೆಚ್ಚಿಸಲು ನುಡಿಸುತ್ತಿಲ್ಲ, ಪ್ರಾರ್ಥಿಸುತ್ತಿದ್ದಾಳೆ, ಆ ಪ್ರಾರ್ಥನೆಯಲ್ಲಿ ಖುಷಿ ತುಂಬಿ ತುಳುಕುತ್ತಿದೆ.

1960ರ ದಶಕದ ಕೊನೆಯಲ್ಲಿ ತಾಯಿ ತೀರಿಕೊಂಡಳು. 1970ರಲ್ಲಿ ಪಾರ್ಶ್ವವಾಯು ಬಡಿಯಿತು, ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಕತ್ತರಿಸಬೇಕಾಯಿತು. ಆಮೇಲೂ ಹಾಡಿದಳು. 1973ರ ಅಕ್ಟೋಬರ್ 9ರಂದು ಫಿಲಡೆಲ್ಫಿಯಾದಲ್ಲಿ ಪ್ರಾಣ ಹೋಯಿತು. ಇಪ್ಪತ್ತು ಸಾವಿರ ಜನರೆದುರು ಮದುವೆಯಾದವಳನ್ನು ನಾರ್ತ್‌ವುಡ್ ಸ್ಮಶಾನದಲ್ಲಿ ಹೂತರು, ಮೇಲೊಂದು ಹೆಸರಿನ ಕಲ್ಲೂ ಇರಲಿಲ್ಲ. ಗೇಲ್ ವಾಲ್ಡ್ ಬರೆದ ಜೀವನಚರಿತ್ರೆ 2007ರಲ್ಲಿ ಬಂದ ಮೇಲೆ ಜನರಿಗೆ ಎಚ್ಚರವಾಯಿತು. 2008ರಲ್ಲಿ ಸಹಾಯಾರ್ಥ ಕಛೇರಿಯೊಂದು ನಡೆದು, ಅದರ ಹಣದಿಂದ ಕಲ್ಲು ನೆಟ್ಟರು. ಮೂವತ್ತೈದು ವರ್ಷ ಆ ಮಣ್ಣು ಹೆಸರಿಲ್ಲದೆ ಇತ್ತು. ಚರ್ಚಿನವರಿಗೂ ನೆನಪಾಗಲಿಲ್ಲ, ಆಕೆಯಿಂದ ಕಲಿತು ಕೋಟಿ ಗಳಿಸಿದ ಸಂಗೀತೋದ್ಯಮಕ್ಕೂ ನೆನಪಾಗಲಿಲ್ಲ.

ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ 1986ರಲ್ಲಿ ಮೊದಲ ಬಾರಿ ಗೌರವ ನೀಡಿದಾಗ ಎಲ್ವಿಸ್, ಲಿಟ್ಲ್ ರಿಚರ್ಡ್, ಜೆರಿ ಲೀ ಲೂಯಿಸ್, ಚಕ್ ಬೆರಿ ಎಲ್ಲರೂ ಇದ್ದರು. ಗಾಯಕ ಜಾನಿ ಕ್ಯಾಶ್ 1992ರಲ್ಲಿ ಅದೇ ಗೌರವ ಸ್ವೀಕರಿಸುವಾಗ ಆಕೆಯ ಹೆಸರು ಹೇಳಿ ಋಣ ಒಪ್ಪಿಕೊಂಡ. ಆದರೂ ರೊಸೆಟಾಳ ಸರದಿ ಬಂದದ್ದು 2018ರಲ್ಲಿ, ಅದೂ ಕಲಾವಿದರ ಸಾಲಿನಲ್ಲಿ ಅಲ್ಲ, ‘ಆರಂಭಿಕ ಪ್ರಭಾವ’ ಎಂಬ ಪಕ್ಕದ ಸಾಲಿನಲ್ಲಿ. ನನಗೆ ಇದು ಒಪ್ಪಿಗೆಯಿಲ್ಲ. 1944ರ ಆ ತಟ್ಟೆಯನ್ನು ಹಾಕಿ ಕೇಳಿ. ಹಾಡಿನ ನಡುವೆ ದನಿ ನಿಂತು ಗಿಟಾರು ಒಂಟಿಯಾಗಿ ಮುನ್ನುಗ್ಗುವ ಜಾಗವೊಂದಿದೆ, ಹಿಂದೆ ಪಿಯಾನೊ ದಡದಡನೆ ಓಡುತ್ತಿರುತ್ತದೆ. ಹತ್ತು ವರ್ಷದ ನಂತರ ಬಿಳಿಯ ಹುಡುಗರು ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆಲ್ಲ ಅಷ್ಟರಲ್ಲೇ ಇದೆ. ಹಾಡುತ್ತಿರುವುದು ಮಾತ್ರ ಬರಲಿರುವ ನ್ಯಾಯತೀರ್ಪಿನ ಬಗ್ಗೆ.